ಪಟ್ಟಿಗೆ ಸೇರಿದ ಕ್ಲಿಫರ್ಡ್

ಗ್ರೈಂಡರ್ಸ್ ರೆಸ್ಟ್ ಪಬ್ಬಿಗೆ ಆ ಹುಡುಗಿ ಬಂದದ್ದು ಫೆಬ್ರವರಿಯ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆಗೆ. ಒಳಗೆ ಇದ್ದವರು ನಾವು ಮೂರೇ ಜನ. ಬಿಯರ್ ಎಳೆಯುವ ಕೈಪಂಪುಗಳ ಹಿಂದೆ ಪಬ್ಬಿನ ಒಡತಿ ಗ್ಲೆನಿಸ್ ಬ್ಯಾಗ್‌ಶಾ. ಅವಳೆದುರು ಸ್ಟೂಲಿನ ಮೇಲೆ ನಾನು, ಅಂದರೆ ಸೆಲ್ವಿನ್, ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ವೇಳಾಪಟ್ಟಿ ತಿದ್ದಿ ನಿವೃತ್ತನಾದವನು. ಕಿಟಕಿ ಪಕ್ಕದ ಮೂಲೆ ಬೆಂಚಿನಲ್ಲಿ ಕ್ಲಿಫರ್ಡ್ ಆಟ್‌ವೆಲ್.

ಕ್ಲಿಫರ್ಡ್ ನಮ್ಮ ಶೆಫೀಲ್ಡಿನಲ್ಲಿ ಉಳಿದಿದ್ದ ಕೆಲವೇ ಚಾಕು ಸಾಣೆಗಾರರಲ್ಲಿ ಒಬ್ಬ. ಐವತ್ತು ವರ್ಷ ಸಾಣೆಯ ಚಕ್ರದ ಮುಂದೆ ಬಾಗಿ ಕೂತು ಅವನ ಬೆನ್ನು ಕೊಡೆಯ ಹಿಡಿಯ ಹಾಗೆ ಬಗ್ಗಿತ್ತು. ಆ ಬೆಂಚೂ ವರ್ಷಗಳು ಕಳೆದಂತೆ ಅದೇ ಆಕಾರಕ್ಕೆ ಸವೆದಿತ್ತು. ಹೊಸಬರು ಯಾರಾದರೂ ಅಲ್ಲಿ ಕೂತರೆ ಐದು ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

ಹುಡುಗಿಯ ಕೈಯಲ್ಲಿ ಅಳತೆಯ ಟೇಪು ಇತ್ತು, ಕೊರಳಲ್ಲಿ ಗುರುತಿನ ಚೀಟಿ. ಇಮೋಜೆನ್ ಥ್ವೇಟ್, ಹಳೆಯ ಕಟ್ಟಡಗಳ ಕಚೇರಿ. ಅವಳಿಗಾಗಿ ನಾವು ಎಂಟು ತಿಂಗಳಿಂದ ಕಾಯುತ್ತಿದ್ದೆವು. ಪಬ್ಬನ್ನು ಕೆಡವಿ ನದಿಯ ದಡದಲ್ಲಿ ಹನ್ನೊಂದು ಅಂತಸ್ತಿನ ಗಾಜಿನ ಕಟ್ಟಡ ಎಬ್ಬಿಸಬೇಕೆಂದು ಒಂದು ಕಂಪನಿ ಹೊಂಚು ಹಾಕುತ್ತಿತ್ತು. ಕಾಪಾಡಬೇಕಾದ ಕಟ್ಟಡಗಳ ಪಟ್ಟಿಗೆ ಪಬ್ಬು ಸೇರಿಬಿಟ್ಟರೆ ಒಂದು ಮೊಳೆ ಕೀಳುವುದಕ್ಕೂ ಒಪ್ಪಿಗೆ ಪತ್ರ ಬೇಕು. ಹಾಗಾಗಿ ಗ್ಲೆನಿಸ್ ಅರ್ಜಿ ಹಾಕಿದ್ದಳು.

"ಏನು ಕುಡೀತೀಯಮ್ಮಾ?" ಎಂದಳು ಗ್ಲೆನಿಸ್.

"ಡ್ಯೂಟಿ ಮೇಲಿದೀನಿ. ನೀರು ಸಾಕು."

ಮೂಲೆಯಿಂದ ಕ್ಲಿಫರ್ಡ್ ಗೊಣಗುಟ್ಟಿದ. "ಪಬ್ಬು ಅಳೆಯೋಕೆ ಬಂದು ನೀರು ಕುಡೀತಾಳಂತೆ! ಚರ್ಚು ಅಳೆಯೋಕೆ ಹೋದ್ರೆ ಹೊರಗೆ ನಿಂತು ಅಳೀತೀಯಾ? ಗ್ಲೆನಿಸ್, ಆ ಹುಡುಗಿಗೆ ಎರಡನೇ ಪಂಪಿಂದ ಅರ್ಧ ಪಿಂಟ್ ಬಿಯರ್ ಕೊಡು, ನನ್ನ ಹೆಸರಲ್ಲಿ."

ಇಮೋಜೆನ್ ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದಳು. "ಬೆಚ್ಚಗಿದೆ."

"ಬೆಚ್ಚಗಿಲ್ಲ. ನೆಲಮಾಳಿಗೆಯ ತಂಪು ಅದು, ಹನ್ನೆರಡು ಡಿಗ್ರಿ. ಹಲ್ಲು ಜುಮ್ಮನ್ನೋ ಹಾಗೆ ಕೊರೆಯೋ ಬಿಯರ್ ಕೊಡ್ತಾರಲ್ಲ ಬೇರೆ ಕಡೆ, ಅದು ಯಾಕೆ ಗೊತ್ತಾ? ನಾಲಿಗೆ ಮರಗಟ್ಟಿದ್ರೆ ರುಚಿ ಇಲ್ಲ ಅನ್ನೋದು ಗೊತ್ತಾಗಬಾರದು ಅಂತ. ಇನ್ನೊಂದು ಗುಟುಕು ಕುಡಿ. ನುಂಗಬೇಡ, ಬಾಯಲ್ಲಿ ಇಟ್ಕೋ. ಹಾಂ, ಈಗ ಹೇಳು."

ಅವಳು ಇನ್ನೊಂದು ಗುಟುಕು ಕುಡಿದಳು. ಕ್ಲಿಫರ್ಡ್ ಎದ್ದು, ಮೊಣಕಾಲು ಹಿಡಿದುಕೊಂಡು, ಅವಳನ್ನು ಕಡಿದಾದ ಮೆಟ್ಟಿಲಿಳಿಸಿ ನೆಲಮಾಳಿಗೆಗೆ ಕರೆದೊಯ್ದ. ಪೀಪಾಯಿಯ ಹೊಟ್ಟೆಗೆ ಅವಳ ಕಿವಿ ಹಚ್ಚಿಸಿದ. ಒಳಗೆ ಬಿಯರು ಇನ್ನೂ ಹುದುಗುತ್ತಿದೆ, ಉಸಿರಾಡುತ್ತಿದೆ, ಬಂದ ಮೇಲೆ ಎರಡು ದಿನ ಅಲುಗಾಡಿಸದೆ ಬಿಟ್ಟರೆ ಗಸಿ ಕೆಳಗಿಳಿದು ತಿಳಿಯಾಗುತ್ತದೆ, ತೆರೆದ ಮೇಲೆ ಮೂರು ದಿನದೊಳಗೆ ಕುಡಿಯದಿದ್ದರೆ ಸತ್ತುಹೋಗುತ್ತದೆ ಎಂದೆಲ್ಲ ಹೇಳಿದ. ಅವರು ಮೇಲೆ ಬಂದಾಗ ಗಂಟೆ ಮೂರಾಗಿತ್ತು. ಇಮೋಜೆನ್ ಟಿಪ್ಪಣಿ ಪುಸ್ತಕದಲ್ಲಿ ಹಾಳೆಯ ಮೇಲೆ ಹಾಳೆ ತುಂಬಿಸಿದ್ದಳು. ಹೋಗುವ ಮುಂಚೆ ಕ್ಲಿಫರ್ಡ್‌ನನ್ನೂ ಟೇಪು ಹಿಡಿದು ಅಳೆದಳು. ತಮಾಷೆಗೆ ಇರಬೇಕು ಅಂದುಕೊಂಡೆವು.

ಏಪ್ರಿಲ್‌ನಲ್ಲಿ ದಪ್ಪ ಲಕೋಟೆ ಬಂತು. ಪಬ್ಬು ಪಟ್ಟಿಗೆ ಸೇರಿತ್ತು. ಗ್ಲೆನಿಸ್ ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಬಾಗಿಲ ಮೇಲಿನ ಕೆತ್ತನೆಯ ಗಾಜು, ಹಸಿರು ಹೆಂಚಿನ ಗೋಡೆ, ನಾಲ್ಕು ಕೈಪಂಪು, ಓಕ್ ಮರದ ಬೆಂಚು. ಆಮೇಲೆ ಅವಳ ಸ್ವರ ನಿಧಾನವಾಯಿತು.

"'ಬೆಂಚಿನ ಮೇಲೆ, ಬಾಗಿಲ ಕಡೆ ಮುಖ ಮಾಡಿ, ಒಬ್ಬ ಮುದುಕ. ಸ್ಥಳೀಯ. ಕಾಲ ಸುಮಾರು ಸಾವಿರದ ಒಂಬೈನೂರ ಐವತ್ತೊಂದು. ಬೂದು ಟೋಪಿ, ಪೊದೆ ಮೀಸೆ. ಅಲ್ಲಲ್ಲಿ ಸವೆದಿದ್ದರೂ ಬಹುಮಟ್ಟಿಗೆ ಮೂಲ ಸ್ಥಿತಿಯಲ್ಲಿದೆ.'"

ಪಬ್ಬಿನಲ್ಲಿ ನಗು ಎದ್ದಿತು. ಕ್ಲಿಫರ್ಡ್ ಪತ್ರ ಕಿತ್ತುಕೊಂಡು ಓದಿದ.

"'ಇದೆ' ಅಂತೆ! 'ಇದ್ದಾನೆ' ಅಂತ ಬರೆಯೋಕೆ ಏನು ಕಷ್ಟ ಆಗಿತ್ತು ಇವರಿಗೆ?"

"ಪಂಪಿಗಿಂತ ನಿನಗೇ ಎರಡು ಸಾಲು ಜಾಸ್ತಿ ಬರೆದಿದ್ದಾರಲ್ಲೋ, ಸುಮ್ನಿರು" ಎಂದೆ ನಾನು.

ಒಳಗೊಳಗೇ ಅವನಿಗೆ ಹೆಮ್ಮೆಯಾಗಿತ್ತು. ಆ ವಾರವೆಲ್ಲ ಬಂದವರಿಗೆಲ್ಲ ಪತ್ರ ತೋರಿಸಿದ.

ಮುಂದಿನ ಸೋಮವಾರ ಕಂಪನಿಯ ವಕೀಲ ಬಂದ. ಬಡಕಲು ಮನುಷ್ಯ, ಕೊರಳಲ್ಲಿ ಕ್ಯಾಮೆರಾ. ಏನನ್ನೂ ಕುಡಿಯಲಿಲ್ಲ. ಹೆಂಚು, ಗಾಜು, ಪಂಪು ಎಲ್ಲವನ್ನೂ ಚಿತ್ರ ತೆಗೆದು, ಪಟ್ಟಿಯ ಜೊತೆ ತಾಳೆ ನೋಡಿ, ಕ್ಲಿಫರ್ಡ್‌ನ ಮುಂದೆ ನಿಂತು ಮೂರು ಚಿತ್ರ ತೆಗೆದ. ಪಟ್ಟಿಯಲ್ಲಿರುವ ಒಂದೇ ಒಂದು ವಸ್ತು ಒಪ್ಪಿಗೆಯಿಲ್ಲದೆ ಕಾಣೆಯಾದರೂ ಇಡೀ ರಕ್ಷಣೆಯನ್ನು ಪ್ರಶ್ನಿಸುವ ಹಕ್ಕು ತಮಗಿದೆ ಎಂದು ಗ್ಲೆನಿಸ್‌ಗೆ ಬಹಳ ಮರ್ಯಾದೆಯಿಂದ ಹೇಳಿದ. ಅಂದಿನಿಂದ ದಿನವೂ ಯಾವ ಹೊತ್ತಿಗೆ ಬೇಕಾದರೂ ಬಂದು ಬಾಗಿಲಿಂದ ಇಣುಕತೊಡಗಿದ.

ಗ್ಲೆನಿಸ್ ಹೆದರಿಬಿಟ್ಟಳು. ಕಚೇರಿಗೆ ಫೋನು ಮಾಡಿ ಕೇಳಿದಳು. ಪಬ್ಬು ಮುಚ್ಚಿದ ಮೇಲೆ ಕ್ಲಿಫರ್ಡ್ ಮನೆಗೆ ಹೋಗಿ ಮಲಗಬಹುದು, ಅದು ಮೊದಲಿನಿಂದ ಬಂದ ಬಳಕೆ. ಆದರೆ ಬಾಗಿಲು ತೆರೆದಿರುವಷ್ಟು ಹೊತ್ತು ವಸ್ತು ಸ್ಥಾನದಲ್ಲಿರಬೇಕು ಎಂದು ಉತ್ತರ ಬಂತು. ಕ್ಷೌರದಂಗಡಿಯ ಪರ್ಸಿಯೂ ಪತ್ರಿಕೆಯಲ್ಲಿ ಸುದ್ದಿ ಓದಿದ್ದ. "ಕೂದಲು ಬೇಕಾದ್ರೆ ಕತ್ತರಿಸ್ತೀನಿ. ಮೀಸೆಗೆ ಕತ್ತರಿ ಹಾಕಲ್ಲ, ಜೈಲಿಗೆ ಹೋಗೋ ವಯಸ್ಸಲ್ಲ ನಂದು" ಅಂದನಂತೆ. ಮೀಸೆ ಬೆಳೆದು ಬಿಯರಿನ ನೊರೆಯಲ್ಲಿ ಅದ್ದತೊಡಗಿತು.

ಕ್ಲಿಫರ್ಡ್ ಒಂದು ತಿಂಗಳು ತಡೆದುಕೊಂಡ. ಮೇ ತಿಂಗಳ ಮೊದಲ ಶುಕ್ರವಾರ ನನ್ನನ್ನು ಹತ್ತಿರ ಕರೆದ. ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದ.

"ಸೆಲ್ವಿನ್, ಮದುವೆ ಆಗ್ತಿದೀನಿ ಕಣೋ."

"ಯಾರಿಗೆ?"

"ಯಾರಿಗೆ ಅಂದ್ರೆ? ನನಗೇ."

ಹೆಂಗಸಿನ ಹೆಸರು ಎನಿಡ್ ಗಾರ್ಸೈಡ್. ಸ್ಕಾರ್ಬರೋದಲ್ಲಿ ಸಮುದ್ರದ ಹತ್ತಿರ ಉಣ್ಣೆಯ ಅಂಗಡಿ ಇಟ್ಟಿದ್ದ ವಿಧವೆ. ಎರಡು ಬೇಸಿಗೆಯ ಹಿಂದೆ ಅಲ್ಲಿಯ ಬಿಯರ್ ಮೇಳದಲ್ಲಿ ಪರಿಚಯವಾದದ್ದು. ಇಬ್ಬರೂ ಒಂದೇ ಪೀಪಾಯಿಯಿಂದ ಲೋಟ ತುಂಬಿಸಿಕೊಂಡು, ಒಂದೇ ಗುಟುಕು ಕುಡಿದು, ಒಂದೇ ಉಸಿರಿನಲ್ಲಿ "ಹುಳಿ ಹಿಡಿದಿದೆ" ಅಂದರಂತೆ. ಆಮೇಲೆ ವಾರಕ್ಕೊಂದು ಕಾಗದ. ಜೂನ್‌ನಲ್ಲಿ ಮದುವೆ, ಮದುವೆಯ ನಂತರ ಅವಳ ಮನೆಯಲ್ಲೇ ಸಂಸಾರ.

ನಾನು ಶುಭಾಶಯ ಹೇಳಿದೆ. ಸ್ಟೂಲಿಗೆ ವಾಪಸು ಬಂದು ಕೂತಾಗ ಬಿಯರು ಯಾಕೋ ಕಹಿ ಅನ್ನಿಸಿತು. ದಿನವೂ ನಾನು ಏನು ಹೇಳಿದರೂ "ಅಲ್ಲ" ಎನ್ನುವವನು ಅವನೊಬ್ಬನೇ.

ಅವನನ್ನು ಸ್ಥಳಾಂತರಿಸಲು ಗ್ಲೆನಿಸ್ ಅರ್ಜಿ ಹಾಕಿದಳು. ಇಮೋಜೆನ್ ಹಳದಿ ಬಣ್ಣದ ನೋಟೀಸು ತಂದಳು. ಇಪ್ಪತ್ತೊಂದು ದಿನ ಅದನ್ನು ಸಂಬಂಧಪಟ್ಟ ವಸ್ತುವಿನ ಮೇಲೆ, ಸಾರ್ವಜನಿಕರಿಗೆ ಓದಲು ಸಿಗುವ ಎತ್ತರದಲ್ಲಿ ಪ್ರದರ್ಶಿಸಬೇಕು. ಮೊಳೆ ಹೊಡೆಯುವಂತಿಲ್ಲ, ಅಂಟು ಹಚ್ಚುವಂತಿಲ್ಲ. ಕೊನೆಗೆ ದಾರ ಕಟ್ಟಿ ಕೊರಳಿಗೆ ನೇತುಹಾಕಿದರು.

"ನಿಮ್ಮನ್ನ ಪಟ್ಟಿಗೆ ಹಾಕಿದ್ದು ಪ್ರೀತಿಯಿಂದ, ಆಟ್‌ವೆಲ್ ಅವರೇ" ಎಂದಳು ಇಮೋಜೆನ್, ದಾರದ ಗಂಟು ಸರಿಮಾಡುತ್ತ. ಅವಳ ಮುಖ ಬಾಡಿತ್ತು. "ಆ ಬಿಯರು, ನೀವು ಹೇಳಿದ ಮಾತು... ನೀವಿಲ್ಲದೆ ಇದು ಬರೀ ಹೆಂಚು ಅನ್ನಿಸ್ತು ನಂಗೆ."

"ಪ್ರೀತಿ ಇದ್ರೆ ಕಾಗದ ಬರೀಬೇಕಿತ್ತು ಕಣಮ್ಮಾ, ಕಾನೂನು ಬರೆದುಬಿಟ್ಟೆ" ಎಂದ ಕ್ಲಿಫರ್ಡ್.

ಊರಿನ ಜನ ಕನ್ನಡಕ ಹಾಕಿಕೊಂಡು ಬಂದು ಅವನ ಎದೆಯನ್ನು ಓದಿದರು. ದೂರದೃಷ್ಟಿಯವರು ಹಿಂದೆ ಸರಿದು ಓದಿದರು. ಒಬ್ಬಳು ಮುದುಕಿ ಬೆರಳಿಟ್ಟು ಅಕ್ಷರ ಅಕ್ಷರ ಓದಿ, ಮುಗಿಸಿದ ಮೇಲೆ ಕತ್ತೆತ್ತಿ ನೋಡಿ, "ಅಯ್ಯೋ, ಬದುಕಿದೆಯಲ್ಲಾ!" ಎಂದು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

ಎರಡನೇ ವಾರ ಎನಿಡ್ ಬಂದಳು. ಕೆಂಪು ಕೋಟು, ಗಟ್ಟಿ ಗಂಟಲು, ಚೀಲದಲ್ಲಿ ಹೆಣಿಗೆ ಕಡ್ಡಿ. ಕ್ಲಿಫರ್ಡ್ ಬರಲಾಗದಿದ್ದರೆ ತಾನೇ ಇಲ್ಲಿಗೆ ಬರುವುದಾಗಿ ಹೇಳಿ, ಬೆಂಚಿನಲ್ಲಿ ಅವನ ಪಕ್ಕ ಕೂತು ಹೆಣೆಯತೊಡಗಿದಳು. ಮೂರು ದಿನ ಹಾಗೇ ಕೂತಳು. ನಾಲ್ಕನೆಯ ದಿನ ಇಮೋಜೆನ್‌ಳ ಮೇಲಧಿಕಾರಿಯೊಬ್ಬ ಬಂದು ನೋಡಿ, ಒಂದು ಚೀಟಿ ಬರೆದು ಹೋದ. ಎನಿಡ್ ಅದನ್ನು ಗಟ್ಟಿಯಾಗಿ ಓದಿದಳು.

"'ಇತ್ತೀಚಿನ ಸೇರ್ಪಡೆ. ಬಣ್ಣ ಸುತ್ತಲಿನ ಒಳಾಂಗಣಕ್ಕೆ ಹೊಂದುವುದಿಲ್ಲ. ಸುಲಭವಾಗಿ ತೆಗೆಯಬಹುದು.' ಸುಲಭವಾಗಿ? ನನ್ನನ್ನ?" ಕಡ್ಡಿಗಳನ್ನು ಮೇಜಿಗೆ ಕುಟ್ಟಿದಳು. "ಬರ್ಲಿ ಅವನು. ಎಷ್ಟು ಸುಲಭ ಅಂತ ತೋರಿಸ್ತೀನಿ."

ಅವನು ಬರಲಿಲ್ಲ. ಆದರೆ ವಕೀಲ ಬಂದು ಕೆಂಪು ಕೋಟಿನ ಚಿತ್ರ ತೆಗೆದುಕೊಂಡು ಹೋದ್ದರಿಂದ ಎನಿಡ್ ಬೆಂಚು ಬಿಟ್ಟು ನನ್ನ ಪಕ್ಕದ ಸ್ಟೂಲಿಗೆ ಬಂದು ಕೂತಳು. ಬಿಯರಿನ ವಿಷಯದಲ್ಲಿ ಅವಳ ನಾಲಿಗೆ ನಮ್ಮೆಲ್ಲರಿಗಿಂತ ಚುರುಕು. ಮೂರನೇ ಪಂಪಿನ ಕೊಳವೆ ತೊಳೆದು ಎಷ್ಟು ದಿನ ಆಯಿತೆಂದು ಗ್ಲೆನಿಸ್‌ಳನ್ನು ಕೇಳಿದಳು. ಗ್ಲೆನಿಸ್ ನಾಚಿ ಕೆಂಪಾಗಿ ಆ ಮಧ್ಯಾಹ್ನವೇ ತೊಳೆದಳು. ಅಂಥ ಹೆಂಗಸನ್ನು ಇಷ್ಟಪಡದೆ ಇರುವುದು ಕಷ್ಟ. ನನಗೆ ಅದೇ ತೊಂದರೆಯಾಯಿತು, ಏಕೆಂದರೆ ಅಷ್ಟರಲ್ಲಿ ನಾನು ಒಂದು ಕೆಲಸ ಮಾಡಿ ಆಗಿತ್ತು.

ವಿಚಾರಣೆ ಗುರುವಾರ ಮಧ್ಯಾಹ್ನ ಒಂದಕ್ಕೆ ಪಬ್ಬಿನಲ್ಲೇ ನಡೆಯಿತು, ವಸ್ತುವನ್ನು ಅಲುಗಾಡಿಸಬಾರದಲ್ಲ. ಸಮಿತಿಯ ಮೂವರು ಸದಸ್ಯರು ಮೇಜಿನ ಹಿಂದೆ ಕೂತರು. ನಲವತ್ತೊಂದು ಆಕ್ಷೇಪಣೆಗಳು ಬಂದಿದ್ದವು. ಇಮೋಜೆನ್ ಒಂದೊಂದಾಗಿ ಓದಿದಳು. ಪರ್ಸಿ ಬರೆದಿದ್ದ. ಬಸ್ ನಿಲ್ದಾಣದ ಹೂವಿನ ಹೆಂಗಸು ಬರೆದಿದ್ದಳು. 'ಅವನು ಕಿಟಕಿಯಲ್ಲಿ ಕಾಣಿಸಿದರೆ ಪಬ್ಬು ತೆರೆದಿದೆ ಎಂದು ಗೊತ್ತಾಗುತ್ತದೆ' ಎಂದು ಒಬ್ಬ. 'ಇವನನ್ನು ತೆಗೆದರೆ ನಾಳೆ ಪಂಪು, ನಾಡಿದ್ದು ಗೋಡೆ' ಎಂದು ಇನ್ನೊಬ್ಬ.

ಇಪ್ಪತ್ತೇಳನೆಯದು ನನ್ನದು.

"'ಸದರಿ ವಸ್ತುವು ಕಟ್ಟಡದ ಸ್ವರೂಪಕ್ಕೆ ಅತ್ಯಗತ್ಯ. ಎದುರಿನ ಸ್ಟೂಲಿನ ಬಳಕೆಯು ಅದನ್ನು ನೇರವಾಗಿ ಅವಲಂಬಿಸಿದೆ. ಸಹಿ, ಸೆಲ್ವಿನ್ ಪ್ಯಾಶ್ಲಿ.'"

ಕ್ಲಿಫರ್ಡ್ ನನ್ನ ಕಡೆ ತಿರುಗಿದ. ನೋಟೀಸು ಎದೆಯ ಮೇಲೆ ಅಲುಗಾಡಿತು.

"ನೀನಾ, ಸೆಲ್ವಿನ್?"

"ನಾನೇ ಕಣೋ" ಎಂದೆ.

ಸದಸ್ಯರು ಹತ್ತು ನಿಮಿಷ ಗುಸುಗುಸು ಮಾಡಿ ಅರ್ಜಿಯನ್ನು ತಳ್ಳಿಹಾಕಿದರು. ಎನಿಡ್ ಹೆಣಿಗೆಯನ್ನು ಚೀಲಕ್ಕೆ ತುರುಕಿದಳು. ಕ್ಲಿಫರ್ಡ್ ಗೋಡೆಯ ಕಡೆ ಮುಖ ಮಾಡಿ ಕೂತ. ಗ್ಲೆನಿಸ್ ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಕ್ಲಿಫ್, ಪುಣ್ಯಾತ್ಮ, ಬಾಗಿಲ ಕಡೆ ತಿರುಗೋ. ಹಾಗಂತ ಬರೆದಿದ್ದಾರೆ." ಅವನು ತಿರುಗಿದ, ಕಣ್ಣು ಮುಚ್ಚಿಕೊಂಡ. ಕಣ್ಣಿನ ಬಗ್ಗೆ ಪಟ್ಟಿಯಲ್ಲಿ ಏನೂ ಇರಲಿಲ್ಲ.

ಮುಂದಿನ ಆರು ದಿನ ನಾನು ಪಬ್ಬಿಗೆ ಹೋಗಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಗಿತ್ತು. ಮಾತಾಡಲು ಜನವಿಲ್ಲದ ಭಯಕ್ಕೆ ಒಬ್ಬ ಮನುಷ್ಯನ ಮದುವೆ ನಿಲ್ಲಿಸಿದ್ದೆ, ಅದೂ ಕಚೇರಿಯ ಭಾಷೆಯಲ್ಲಿ. ಕಚೇರಿಯ ಭಾಷೆ ನನಗೆ ಚೆನ್ನಾಗಿ ಬರುತ್ತದೆ. ಹಾಗಾಗಿ ಗ್ರಂಥಾಲಯಕ್ಕೆ ಹೋಗಿ ಹಳೆಯ ಕಟ್ಟಡಗಳ ನಿಯಮಾವಳಿಯನ್ನು ಮೊದಲಿನಿಂದ ಓದತೊಡಗಿದೆ. ನಾನೂರ ಹನ್ನೆರಡು ಪುಟ. ರೈಲಿನ ವೇಳಾಪಟ್ಟಿಯಲ್ಲಿ ನಿಜವಾದ ವಿಷಯ ಇರುವುದು ಕೆಳಗಿನ ಸಣ್ಣ ಅಕ್ಷರದಲ್ಲಿ, ಯಾವ ರೈಲು ಭಾನುವಾರ ಓಡುವುದಿಲ್ಲ ಎನ್ನುವ ಕಡೆ. ಇದೂ ಹಾಗೇ ಇತ್ತು. ಆರನೆಯ ದಿನ ಸಂಜೆಯ ಹೊತ್ತಿಗೆ ಮುನ್ನೂರ ಐವತ್ತೆಂಟನೇ ಪುಟದ ಅಡಿಯಲ್ಲಿ ಮೂರು ಸಾಲು ಸಿಕ್ಕಿತು.

ಮರುದಿನ ಹನ್ನೆರಡಕ್ಕೆ ಬಾಗಿಲು ತೆರೆಯುತ್ತಿದ್ದ ಹಾಗೇ ಹೋಗಿ, ಎರಡು ಪಿಂಟ್ ತೆಗೆದುಕೊಂಡು ಅವನ ಮೇಜಿನ ಮೇಲಿಟ್ಟೆ.

"ಕ್ಲಿಫ್, ತಪ್ಪಾಯ್ತು."

"ವಸ್ತುಗಳ ಹತ್ರ ಮಾತಾಡ್ತೀಯಲ್ಲ, ತಲೆ ಸರಿ ಇದೆಯಾ?"

"ಬಯ್ಯಿ. ಇನ್ನೂ ಬಯ್ಯಿ. ಆದ್ರೆ ಮೊದಲು ಇದನ್ನ ಓದು."

ಅವನು ಮುಟ್ಟಲಿಲ್ಲ. ಊರಿನ ಹೋಟೆಲೊಂದರಲ್ಲಿ ಇನ್ನೂ ಉಳಿದುಕೊಂಡು ದಿನವೂ ಪಬ್ಬಿಗೆ ಬರುತ್ತಿದ್ದ ಎನಿಡ್, ನಾನು ನಕಲು ಮಾಡಿ ತಂದ ಚೀಟಿಯನ್ನು ತೆಗೆದುಕೊಂಡು ಓದಿದಳು. ಪಟ್ಟಿಯಲ್ಲಿರುವ ವಸ್ತು ಶಿಥಿಲವಾಗಿದ್ದರೆ ದುರಸ್ತಿಗಾಗಿ ಅದನ್ನು ಬೇರೆಡೆಗೆ ಒಯ್ಯಬಹುದು. ಸಮಿತಿಯ ಒಪ್ಪಿಗೆ ಬೇಡ, ಪರಿವೀಕ್ಷಕರ ಸಹಿ ಸಾಕು. ನುರಿತವರ ಕೈಗೆ ಒಪ್ಪಿಸಬೇಕು. ದುರಸ್ತಿ ಮುಗಿದ ಮೇಲೆ ಮರಳಿ ಸ್ಥಾಪಿಸಬೇಕು.

"ಎಷ್ಟು ದಿನದೊಳಗೆ?" ಎಂದಳು ಎನಿಡ್.

"ಹೇಳಿಲ್ಲ. ಮುಂದಿನ ಪುಟದಲ್ಲೂ ಇಲ್ಲ. ಕೊನೇ ತನಕ ನೋಡಿದೆ."

ಎನಿಡ್ ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, "ಕ್ಲಿಫ್, ಇವನ ಬಿಯರ್ ಕುಡಿ. ನೊರೆ ಇಳೀತಿದೆ" ಎಂದಳು. ಅವನು ಕುಡಿದ. "ಚೆನ್ನಾಗಿಲ್ಲ" ಎಂದ. ನನಗೆ ಬೇಕಾಗಿದ್ದುದು ಅದೇ ಮಾತು.

ಪರಿವೀಕ್ಷಕಿಯಾಗಿ ಇಮೋಜೆನ್ ಪರೀಕ್ಷೆಗೆ ಬಂದಳು. ಮರದ ಪುಟ್ಟ ಸುತ್ತಿಗೆಯಿಂದ ಅವನ ಎಡ ಮೊಣಕಾಲನ್ನು ತಟ್ಟಿದಳು. ಕ್ಲಿಫರ್ಡ್ "ಅಮ್ಮಾ" ಎಂದ. 'ಕೀಲುಗಳು ಸಡಿಲ' ಎಂದು ಬರೆದುಕೊಂಡಳು. ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಚಕ್ರದ ಧೂಳು ಕುಡಿದ ಎದೆ ಒಳಗೆ ಗೊರಗೊರ ಎನ್ನುತ್ತಿತ್ತು. 'ಒಳಗೆ ತೇವ, ಸಮುದ್ರದ ಗಾಳಿಯಲ್ಲಿ ಒಣಗಿಸುವುದು ಸೂಕ್ತ' ಎಂದು ಬರೆದಳು. ಆಮೇಲೆ ಪೆನ್ನು ಎತ್ತಿ ಹಿಡಿದು, "ದುರಸ್ತಿ ಮಾಡೋರು ಯಾರು?" ಎಂದು ಕೇಳಿದಳು.

"ನಾನು" ಎಂದಳು ಎನಿಡ್. "ಮೂವತ್ತು ವರ್ಷ ಉಣ್ಣೆ ಅಂಗಡಿ ನಡೆಸಿದೀನಿ. ಹರಿದದ್ದು, ಎಳೆ ಬಿಟ್ಟದ್ದು, ಜನ ಬಿಸಾಕಿದ್ದು, ಎಲ್ಲಾ ಸರಿ ಮಾಡಿದೀನಿ."

"ಬಹಳ ದಿನ ಹಿಡಿಯತ್ತಾ?"

"ನೋಡು ಇದನ್ನ. ನೀನೇ ಹೇಳು."

ಇಮೋಜೆನ್ ಕ್ಲಿಫರ್ಡ್‌ನನ್ನು ನೋಡಿದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಶಾಲೆಯ ಹುಡುಗನ ಹಾಗೆ ಕೂತಿದ್ದ. ಅವಳು ಸಹಿ ಹಾಕಿದಳು. ಮೂಗು ಒರೆಸಿಕೊಂಡು, ಇವತ್ತು ಡ್ಯೂಟಿ ಮುಗಿಯಿತು ಎಂದು ಹೇಳಿ, ಒಂದು ಪೂರ್ತಿ ಪಿಂಟ್ ಕೇಳಿದಳು.

ಸಾಗಾಟಕ್ಕೂ ಷರತ್ತುಗಳಿದ್ದವು. ಅಲುಗಾಡದಂತೆ, ಮೆತ್ತೆ ಇಟ್ಟು, ಮುಚ್ಚಿದ ವಾಹನದಲ್ಲಿ ಒಯ್ಯಬೇಕು. ಬಿಯರ್ ತಯಾರಿಸುವವರ ವ್ಯಾನು ಸ್ಕಾರ್ಬರೋಗೆ ಹೋಗುವುದಿತ್ತು. ಎರಡು ಪೀಪಾಯಿಗಳ ನಡುವೆ ಕುರ್ಚಿ ಹಾಕಿ, ಕ್ಲಿಫರ್ಡ್‌ನನ್ನು ಕೂರಿಸಿ, ಬೆಲ್ಟು ಬಿಗಿದರು. ಎನಿಡ್ ಮುಂದೆ, ನಾನು ಹಿಂದೆ ಅವನ ಪಕ್ಕದಲ್ಲಿ. ದಾರಿಯುದ್ದಕ್ಕೂ ಪ್ರತಿ ತಿರುವಿಗೂ ಅವನು ಚಾಲಕನಿಗೆ ಕೂಗುತ್ತಿದ್ದ: "ನಿಧಾನ ಕಣಯ್ಯಾ, ಗಸಿ ಮೇಲೇಳತ್ತೆ!" ಪೀಪಾಯಿಯ ಬಗ್ಗೆ ಹೇಳಿದನೋ ತನ್ನ ಬಗ್ಗೆಯೋ ಗೊತ್ತಾಗಲಿಲ್ಲ. ಮಧ್ಯಾಹ್ನ ಮೂರಕ್ಕೆ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿಗೆ ನಾನು ಸಹಿ ಹಾಕಿದೆ. ವರನ ಕಸುಬು ಎಂಬಲ್ಲಿ ಏನು ಬರೆಯಲಿ ಎಂದು ಗುಮಾಸ್ತ ಕೇಳಿದಾಗ ಎನಿಡ್, "ಸಾಣೆಗಾರ ಅಂತ ಬರೀರಿ, ಬೇರೆ ಏನೂ ಬೇಡ" ಎಂದಳು.

ವಕೀಲ ಮರುದಿನ ಪಬ್ಬಿಗೆ ಬಂದಾಗ ಬೆಂಚಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು, ಅದರ ಮೇಲೆ 'ದುರಸ್ತಿಯಲ್ಲಿದೆ' ಎಂಬ ಫಲಕ, ಕೆಳಗೆ ಇಮೋಜೆನ್‌ಳ ಸಹಿ. ಅವನು ಚಿತ್ರ ತೆಗೆದ. ಫಲಕವನ್ನು ಮೂರು ಸಲ ಓದಿದ. ಬೇಸಿಗೆ ಮುಗಿಯುವ ತನಕ ಬರುತ್ತಲೇ ಇದ್ದ. ಆಮೇಲೆ ಕಂಪನಿ ನದಿಯ ಆಚೆ ದಡದಲ್ಲಿ ಜಾಗ ಹಿಡಿಯಿತು. ಕೊನೆಯ ದಿನ ವಕೀಲ ಕ್ಯಾಮೆರಾ ಪಕ್ಕಕ್ಕಿಟ್ಟು ಅರ್ಧ ಪಿಂಟ್ ಕುಡಿದ. ಬೆಚ್ಚಗಿದೆ ಎಂದ. ಅವನಿಗೆ ಹೇಳಿಕೊಡುವ ಕೆಲಸವನ್ನು ಯಾರೂ ಮೈಮೇಲೆ ಎಳೆದುಕೊಳ್ಳಲಿಲ್ಲ.

ಪ್ರತಿ ವರ್ಷ ಮಾರ್ಚ್‌ನಲ್ಲಿ ಕಚೇರಿಯಿಂದ ಸ್ಕಾರ್ಬರೋಗೆ ಒಂದು ನಮೂನೆ ಹೋಗುತ್ತದೆ: ಕೆಲಸ ಎಲ್ಲಿಗೆ ಬಂತು, ಯಾವಾಗ ಮುಗಿಯುತ್ತದೆ. ಎನಿಡ್ ಅದನ್ನು ತುಂಬಿ, ಅಂಚೆಗೆ ಹಾಕುವ ಮುಂಚೆ ನನಗೊಂದು ಪ್ರತಿ ಕಳಿಸುತ್ತಾಳೆ. ಈ ವರ್ಷದ್ದು ನಿನ್ನೆ ಬಂತು.

'ಎಡ ಮೊಣಕಾಲು ಪರವಾಗಿಲ್ಲ, ದಿನವೂ ಬಂದರಿನ ತನಕ ನಡೆಯುತ್ತದೆ. ಎದೆಯ ತೇವ ಅರ್ಧ ಆರಿದೆ. ಹಾಡಲು ಶುರುಮಾಡಿದೆ, ಅದನ್ನು ನಿಲ್ಲಿಸುವ ಬಗೆ ಹೇಗೆಂದು ತಿಳಿಸಬೇಕಾಗಿ ವಿನಂತಿ. ಒಟ್ಟಿನಲ್ಲಿ ಹಾಳಾಗಿದ್ದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಕೆಲಸ ಇನ್ನೂ ಬಹಳ ಇದೆ.'